ಎರಡು ನಿರಾಕರಣೆಗಳು: ತೆರೆಯ ಮೇಲೆ ‘ಜೇನ್ ಏರ್’

೧

ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯು ಲಂಡನ್ನಿನಲ್ಲಿ ಪ್ರಕಟವಾದದ್ದು ೧೮೪೭ರ ಅಕ್ಟೋಬರಿನಲ್ಲಿ. ಲೇಖಕಿ ತನ್ನ ಹೆಸರನ್ನು ಮರೆಸಿ ಕರರ್ ಬೆಲ್ ಎಂಬ ಕಾವ್ಯನಾಮವನ್ನು ಧರಿಸಿದ್ದಳು. ಶೀರ್ಷಿಕೆಯ ಕೆಳಗೆ ‘ಒಂದು ಆತ್ಮಕಥೆ’ ಎಂದು ಅಚ್ಚಾಗಿತ್ತು. ಮೂಕಚಿತ್ರಗಳ ಕಾಲದಿಂದ ಇಂದಿನವರೆಗೆ ಈ ಕಥೆ ಎಷ್ಟು ಬಾರಿ ತೆರೆಯನ್ನೇರಿದೆಯೆಂದರೆ, ಇಂಗ್ಲಿಷ್ ಕಾದಂಬರಿಗಳಲ್ಲಿ ಈ ಭಾಗ್ಯವನ್ನು ಪಡೆದವು ಕೆಲವೇ. ಪ್ರತಿಯೊಂದು ತಲೆಮಾರೂ ತನ್ನದೊಂದು ಜೇನಳನ್ನು ಬಯಸಿದಂತೆ ಕಾಣುತ್ತದೆ. ಈ ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದರಿಂದ ಯಾವುದು ಮೂಲಕ್ಕೆ ಹತ್ತಿರ, ಯಾವುದು ದೂರ ಎಂಬ ಲೆಕ್ಕಾಚಾರಕ್ಕಿಂತ ಹೆಚ್ಚಿನದೊಂದು ಪ್ರಯೋಜನವಿದೆ. ಆ ಕಾದಂಬರಿಯ ಜೀವ ಎಲ್ಲಿದೆ, ಆ ಜೀವವನ್ನು ತೆರೆ ಪದೇ ಪದೇ ಏಕೆ ಕೈಬಿಡುತ್ತದೆ ಎಂಬುದು ಆಗ ಸ್ಪಷ್ಟವಾಗುತ್ತದೆ.

ಮೇಲ್ನೋಟಕ್ಕೆ ಇದು ಗಾಥಿಕ್ ಎಂದು ಹೆಸರಾದ ಪರಂಪರೆಗೆ ಸೇರಿದ ಪ್ರಣಯಕಥೆ. ಹೊರೇಸ್ ವಾಲ್ಪೋಲನು ೧೭೬೪ರಲ್ಲಿ ಆರಂಭಿಸಿ, ಆನ್ ರ‍್ಯಾಡ್‌ಕ್ಲಿಫ್ ಬೆಳೆಸಿದ ಆ ಪರಂಪರೆಯ ಸಾಮಗ್ರಿಯೆಲ್ಲ ಇಲ್ಲಿದೆ: ಏಕಾಂತದಲ್ಲಿ ನಿಂತ ಹಳೆಯ ಮಹಲು, ಬೀಗ ಹಾಕಿದ ಕೋಣೆ, ನಡುರಾತ್ರಿಯ ನಗೆ, ಗೂಢವಾದ ಪೂರ್ವಚರಿತ್ರೆಯುಳ್ಳ ಯಜಮಾನ, ದಿಕ್ಕಿಲ್ಲದ ತರುಣಿ. ಅನಾಥೆಯಾದ ಜೇನ್ ಸೋದರತ್ತೆಯ ಮನೆಯಲ್ಲಿ ತಿರಸ್ಕಾರವನ್ನುಂಡು, ಲೋವುಡ್ ಎಂಬ ಧರ್ಮಶಾಲೆಯಲ್ಲಿ ಹಸಿವು ಚಳಿಗಳ ನಡುವೆ ಓದಿ, ಹದಿನೆಂಟನೆಯ ವಯಸ್ಸಿನಲ್ಲಿ ವರ್ಷಕ್ಕೆ ಮೂವತ್ತು ಪೌಂಡ್ ಸಂಬಳಕ್ಕೆ ಥಾರ್ನ್‌ಫೀಲ್ಡ್ ಮಹಲಿಗೆ ಮನೆಪಾಠದ ಶಿಕ್ಷಕಿಯಾಗಿ ಬರುತ್ತಾಳೆ. ಯಜಮಾನನಾದ ರಾಚೆಸ್ಟರನೂ ಅವಳೂ ಪರಸ್ಪರ ಒಲಿಯುತ್ತಾರೆ. ಮದುವೆಯ ಮುಹೂರ್ತದಲ್ಲಿ, ಅವನ ಮೊದಲ ಹೆಂಡತಿ ಬರ್ತಾ ಹುಚ್ಚಿಯಾಗಿ ಅದೇ ಮಹಲಿನ ಮೇಲಂತಸ್ತಿನಲ್ಲಿ ಸೆರೆಯಲ್ಲಿದ್ದಾಳೆಂಬುದು ಬಯಲಾಗುತ್ತದೆ.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಹೇಳುವುದು ವಾಡಿಕೆ. ಆದರೆ ಮೂವತ್ತೆಂಟು ಅಧ್ಯಾಯಗಳ ಕಾದಂಬರಿಯಲ್ಲಿ ನಾವಿನ್ನೂ ಇಪ್ಪತ್ತಾರನೆಯದನ್ನು ಮಾತ್ರ ಮುಗಿಸಿದ್ದೇವೆ. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ರಾಚೆಸ್ಟರ್ ಅವಳನ್ನು ಫ್ರಾನ್ಸಿನ ದಕ್ಷಿಣತೀರಕ್ಕೆ ಕರೆಯುತ್ತಾನೆ. ವಿವಾಹವಿಲ್ಲದೆಯೇ ಹೆಂಡತಿಯಂತೆ ಬಾಳು ಎಂದು ಬೇಡುತ್ತಾನೆ. ಜೇನ್ ಒಲ್ಲೆನೆಂದು ಹೇಳಿ ರಾತ್ರೋರಾತ್ರಿ ಹೊರಟುಹೋಗುತ್ತಾಳೆ. ಇದು ಮೊದಲನೆಯ ನಿರಾಕರಣೆ. ಇಪ್ಪತ್ತೆಂಟರಿಂದ ಮೂವತ್ತೈದರವರೆಗಿನ ಎಂಟು ಅಧ್ಯಾಯಗಳಲ್ಲಿ ಅವಳು ಮೂರ್ ಹೌಸ್ ಎಂಬ ಮನೆಯಲ್ಲಿ ಆಶ್ರಯ ಪಡೆಯುತ್ತಾಳೆ. ಆ ಮನೆಯವರು ತನ್ನ ಸೋದರಸಂಬಂಧಿಗಳೆಂದು ತಿಳಿಯುತ್ತಾಳೆ. ಚಿಕ್ಕಪ್ಪನಿಂದ ಬಂದ ಇಪ್ಪತ್ತು ಸಾವಿರ ಪೌಂಡುಗಳನ್ನು ಅವರೊಡನೆ ಸಮವಾಗಿ ಹಂಚಿಕೊಳ್ಳುತ್ತಾಳೆ. ಆ ಮನೆಯ ಪಾದ್ರಿ ಸೇಂಟ್ ಜಾನ್ ರಿವರ್ಸ್ ಅವಳನ್ನು ಮದುವೆಯಾಗಿ ಧರ್ಮಪ್ರಚಾರಕ್ಕೆ ತನ್ನೊಡನೆ ಬಾ ಎಂದು ಒತ್ತಾಯಿಸುತ್ತಾನೆ. ಅವನಲ್ಲಿ ನಿಷ್ಠೆಯಿದೆ, ಒಲವಿಲ್ಲ. ತಂಗಿಯಾಗಿ ಬರುವೆನು, ಹೆಂಡತಿಯಾಗಿ ಬಾರೆನು ಎನ್ನುತ್ತಾಳೆ ಜೇನ್. ಇದು ಎರಡನೆಯ ನಿರಾಕರಣೆ.

ವಿವಾಹವಿಲ್ಲದ ಒಲವನ್ನು ಒಮ್ಮೆ, ಒಲವಿಲ್ಲದ ವಿವಾಹವನ್ನು ಇನ್ನೊಮ್ಮೆ ತಳ್ಳಿದ ಮೇಲೆ, ಸ್ವಂತ ಹಣವುಳ್ಳವಳಾಗಿ, ಯಾರ ಹಂಗಿಗೂ ಒಳಗಾಗದವಳಾಗಿ ಅವಳು ರಾಚೆಸ್ಟರನಲ್ಲಿಗೆ ಮರಳುತ್ತಾಳೆ. ಕಾದಂಬರಿಯ ಕಟ್ಟು ನಿಂತಿರುವುದು ಈ ಎರಡು ಕಂಬಗಳ ಮೇಲೆ. ನಮ್ಮ ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಶೃಂಗಾರ ಭಯಾನಕಗಳೆರಡೂ ಇಲ್ಲಿ ಅಂಗಗಳು. ಅಂಗಿಯಾಗಿರುವುದು ಧರ್ಮವೀರಕ್ಕೆ ಸಮೀಪವಾದೊಂದು ಭಾವ. ಕತ್ತಿಯಿಲ್ಲದ, ಬಡವಳಾದ, ರೂಪವತಿಯೂ ಅಲ್ಲದ ಹೆಣ್ಣೊಬ್ಬಳ ವೀರವದು.

ಮೂಲವನ್ನು ಮಾರ್ಪಡಿಸುವುದೇ ದೋಷವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಪ್ರಸಿದ್ಧ ಕಥೆಯಲ್ಲಿ ರಸಕ್ಕೆ ಪ್ರತಿಕೂಲವಾದ ಭಾಗವಿದ್ದರೆ ಕವಿಯು ಅದನ್ನು ಬಿಟ್ಟು, ರಸಕ್ಕೆ ಅನುಗುಣವಾದುದನ್ನು ಕಲ್ಪಿಸಿಕೊಳ್ಳಬೇಕೆಂದು ಒಂಬತ್ತನೆಯ ಶತಮಾನದ ಆನಂದವರ್ಧನನೇ ಅಪ್ಪಣೆಯಿತ್ತಿದ್ದಾನೆ. ಬಿ.ಎಂ.ಶ್ರೀಯವರು ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿದರು. ಕುವೆಂಪು ಅವರು ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಇತಿಹಾಸಕ್ಕೆ ಒಗ್ಗಿಸಿ ‘ರಕ್ತಾಕ್ಷಿ’ಯನ್ನು ಬರೆದರು. ಕನ್ನಡ ವಾಚಕರಿಗೆ ರೂಪಾಂತರವು ಹೊಸದಲ್ಲ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಬಿಟ್ಟದ್ದನ್ನು ಯಾವ ರಸದ ಸಲುವಾಗಿ ಬಿಟ್ಟರು? ಕಂಬವೊಂದನ್ನು ತೆಗೆದ ಮೇಲೆ ಮನೆ ನಿಂತಿತೇ?

೨

ಇಂಗ್ಲಿಷ್ ವಾಕ್ಚಿತ್ರಗಳಲ್ಲಿ ಮೊದಲನೆಯದು ೧೯೩೪ರಲ್ಲಿ ಬಂದಿತು. ಒಂದು ಗಂಟೆಗೆ ಸ್ವಲ್ಪವೇ ಮೀರಿದ ಆ ಚಿತ್ರದಲ್ಲಿ ಸುಂದರಿಯೆಂದು ಹೆಸರಾದ ವರ್ಜಿನಿಯಾ ಬ್ರೂಸ್ ಜೇನಳಾದಳು ಎಂದಷ್ಟೇ ಹೇಳಿದರೆ ಸಾಕು. ಗಂಭೀರವಾದ ವಿಮರ್ಶೆಗೆ ಅರ್ಹವಾದ ಮೊದಲ ಪ್ರಯತ್ನ ೧೯೪೩ರದು. ರಾಬರ್ಟ್ ಸ್ಟೀವನ್ಸನ್ನನ ನಿರ್ದೇಶನ. ಚಿತ್ರಕಥೆಯಲ್ಲಿ ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿಯ ಕೈವಾಡ. ರಾಚೆಸ್ಟರನಾಗಿ ಆರ್ಸನ್ ವೆಲ್ಸ್, ಜೇನಳಾಗಿ ಜೋನ್ ಫಾಂಟೇನ್. ಫಾಂಟೇನ್ ಮೂರು ವರ್ಷಗಳ ಹಿಂದೆಯಷ್ಟೇ ಹಿಚ್‌ಕಾಕನ ‘ರೆಬೆಕ’ ಚಿತ್ರದಲ್ಲಿ ಇನ್ನೊಂದು ಮಹಲಿನ ಬೆದರಿದ ನಾಯಿಕೆಯಾಗಿದ್ದಳು. ಆ ಚಿತ್ರದ ಛಾಯಾಗ್ರಾಹಕ ಜಾರ್ಜ್ ಬಾರ್ನ್ಸನೇ ಇಲ್ಲಿಯೂ ಛಾಯಾಗ್ರಾಹಕ. ಕಪ್ಪುಬಿಳುಪಿನ ನೆರಳುಗಳಲ್ಲಿ, ಮಂಜಿನಲ್ಲಿ, ಬರ್ನಾರ್ಡ್ ಹರ್ಮನ್ನನ ಸಂಗೀತದಲ್ಲಿ ಥಾರ್ನ್‌ಫೀಲ್ಡಿನ ಭಯಾನಕವು ಇಷ್ಟು ಘನವಾಗಿ ಮತ್ತೆ ಮೂಡಲಿಲ್ಲವೆಂದೇ ಹೇಳಬೇಕು.

ಈ ಚಿತ್ರದ ಆರಂಭವನ್ನು ಗಮನಿಸಬೇಕು. ಪುಸ್ತಕವೊಂದು ತೆರೆದುಕೊಳ್ಳುತ್ತದೆ; ಪುಟದ ಅಕ್ಷರಗಳನ್ನು ಜೇನಳ ಧ್ವನಿ ಓದುತ್ತದೆ. ಆದರೆ ಆ ಪುಟ ಬ್ರಾಂಟೆಯ ಕಾದಂಬರಿಯ ಪುಟವಲ್ಲ. ಚಿತ್ರಕ್ಕಾಗಿ ಬರೆದ ವಾಕ್ಯಗಳು ಅವು. ತಾನು ಯಾವಾಗ ಹುಟ್ಟಿದೆ, ಲೋಕ ಎಷ್ಟು ಕಠೋರವಾಗಿತ್ತು ಎಂದು ಅವು ಪರಿಚಯ ಹೇಳುತ್ತವೆ. ಕಾದಂಬರಿಯ ಜೇನ್ ಹಾಗೆ ಪರಿಚಯ ಹೇಳಿಕೊಳ್ಳುವವಳಲ್ಲ. ಮಳೆ ಸುರಿಯುವ ಒಂದು ಮಧ್ಯಾಹ್ನ, ಕಿಟಕಿಯ ಪರದೆಯ ಹಿಂದೆ ಪುಸ್ತಕ ಹಿಡಿದು ಕುಳಿತ ಹತ್ತು ವರ್ಷದ ಹುಡುಗಿಯಾಗಿ ಅವಳು ನೇರವಾಗಿ ನಮ್ಮೆದುರಿಗೆ ಬರುತ್ತಾಳೆ. ಕೆಲವೇ ಪುಟಗಳಲ್ಲಿ ತನ್ನನ್ನು ಹೊಡೆದವನ ಮೇಲೆ ತಿರುಗಿಬೀಳುತ್ತಾಳೆ. ಒಬ್ಬಳು ಅನುಕಂಪವನ್ನು ಬೇಡುವವಳು, ಇನ್ನೊಬ್ಬಳು ತೀರ್ಪು ಕೊಡುವವಳು. ಫಾಂಟೇನ್ ಅಭಿನಯಿಸಿದ್ದು ಮೊದಲನೆಯವಳನ್ನು.

ವೆಲ್ಸನ ರಾಚೆಸ್ಟರನಾದರೋ ಬಿರುಗಾಳಿಯಂತೆ ಪ್ರವೇಶಿಸಿ ಚೌಕಟ್ಟನ್ನೆಲ್ಲ ತುಂಬಿಬಿಡುತ್ತಾನೆ. ಕಥೆ ತಿಳಿಯದಂತೆ ಅವಳ ಕೈಯಿಂದ ಅವನ ಕೈಗೆ ಜಾರುತ್ತದೆ. ಇದರ ಫಲವು ಉತ್ತರಾರ್ಧದಲ್ಲಿ ಕಾಣುತ್ತದೆ. ಮೂರ್ ಹೌಸ್ ಇಲ್ಲವೇ ಇಲ್ಲ. ರಿವರ್ಸ್ ಎಂಬ ಹೆಸರು ಲೋವುಡ್ಡಿನ ಕರುಣಾಳು ವೈದ್ಯನೊಬ್ಬನಿಗೆ ಅಂಟಿಕೊಂಡಿದೆ. ಥಾರ್ನ್‌ಫೀಲ್ಡನ್ನು ಬಿಟ್ಟ ಜೇನ್ ತಾನು ಬಾಲ್ಯದಲ್ಲಿ ದ್ವೇಷಿಸಿದ ಅತ್ತೆಯ ಮನೆಗೇ ಮರಳುತ್ತಾಳೆ. ಸೋದರಸಂಬಂಧಿಗಳಿಲ್ಲ, ಹಣದ ಹಂಚಿಕೆಯಿಲ್ಲ, ಎರಡನೆಯ ನಿರಾಕರಣೆಯಿಲ್ಲ. ಹೀಗಾಗಿ ಕೊನೆಗೆ ಅವಳು ರಾಚೆಸ್ಟರನಲ್ಲಿಗೆ ಬರುವುದು ಬೇರೆ ದಿಕ್ಕಿಲ್ಲದೆ ಬಂದಂತೆ ತೋರುತ್ತದೆ. ಭಯಾನಕವನ್ನು ಅಂಗಿಯಾಗಿಸಿದ ಚಿತ್ರಕ್ಕೆ, ಭಯವೇ ಇಲ್ಲದ ಆ ಎಂಟು ಅಧ್ಯಾಯಗಳು ಬೇಕಾಗಲಿಲ್ಲ. ತನ್ನ ತರ್ಕದೊಳಗೆ ಅದು ಸರಿಯೇ. ಆದರೆ ಆ ತರ್ಕ ಬ್ರಾಂಟೆಯದಲ್ಲ.

೩

ಚಲಚ್ಚಿತ್ರಕ್ಕೆ ಎರಡು ಗಂಟೆಗಳ ಮಿತಿ ಇರುವುದರಿಂದ ಈ ಕೊರತೆ ಅನಿವಾರ್ಯವೆಂದು ಕೆಲವರು ವಾದಿಸಬಹುದು. ಕಂತುಗಳಲ್ಲಿ ಸಾಗುವ ದೂರದರ್ಶನವು ಈ ವಾದವನ್ನು ಪರೀಕ್ಷಿಸಲು ಅವಕಾಶ ಕೊಟ್ಟಿತು. ಬಿ.ಬಿ.ಸಿ.ಯು ೧೯೭೩ರಲ್ಲಿ ಐದು ಕಂತುಗಳಲ್ಲಿಯೂ, ೧೯೮೩ರಲ್ಲಿ ಹನ್ನೊಂದು ಕಂತುಗಳಲ್ಲಿಯೂ ಕಥೆಯನ್ನು ಪ್ರಸಾರ ಮಾಡಿತು. ಮೊದಲನೆಯದರಲ್ಲಿ ಸೋರ್ಕಾ ಕ್ಯೂಸಾಕಳ ಜೇನ್ ಹಿನ್ನೆಲೆಯ ಧ್ವನಿಯಲ್ಲಿ ತನ್ನ ಮನಸ್ಸನ್ನು ಧಾರಾಳವಾಗಿ ಹೇಳಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಜೀಲಾ ಕ್ಲಾರ್ಕ್, ಟಿಮೊಥಿ ಡಾಲ್ಟನ್ ಇಬ್ಬರೂ ಕಾದಂಬರಿಯ ಸಂಭಾಷಣೆಗಳನ್ನು ಹೆಚ್ಚುಕಡಿಮೆ ಯಥಾವತ್ತಾಗಿ ಆಡುತ್ತಾರೆ. ರಾಚೆಸ್ಟರನು ಕಣಿ ಹೇಳುವ ಮುದುಕಿಯ ವೇಷದಲ್ಲಿ ಬರುವ ಪ್ರಸಂಗವನ್ನು ಕೂಡ, ಇತರರು ನಾಚಿ ಬಿಟ್ಟದ್ದನ್ನು, ಇವರು ಬಿಟ್ಟಿಲ್ಲ. ಡಾಲ್ಟನ್ ಕುರೂಪಿಯಲ್ಲವೆಂಬ ಆಕ್ಷೇಪ ನಿಜ. ಆದರೂ ಮಾತಿನ ಮಲ್ಲಯುದ್ಧದಲ್ಲಿ ಇಬ್ಬರೂ ಸಮಬಲರೆಂಬ ಮುಖ್ಯ ಸಂಗತಿ ಇಲ್ಲಿ ಸಿದ್ಧಿಸಿದಷ್ಟು ಬೇರೆಲ್ಲಿಯೂ ಸಿದ್ಧಿಸಿಲ್ಲ. ಇಪ್ಪತ್ತೇಳನೆಯ ಅಧ್ಯಾಯದ ವಾದವಿವಾದವನ್ನು ಪೂರ್ತಿಯಾಗಿ ಕೇಳಬೇಕೆನ್ನುವವರು ಈ ಧಾರಾವಾಹಿಗೇ ಹೋಗಬೇಕು.

ಆದರೆ ಇವುಗಳ ಚಿತ್ರೀಕರಣ ರಂಗಮಂಚದ ಸೆಟ್ಟುಗಳ ನಡುವೆ ನಡೆದಂತಿದೆ. ಎಲ್ಲವನ್ನೂ ಉಳಿಸಿಕೊಂಡಾಗ ಯಾವುದೂ ಎದ್ದು ಕಾಣದಿರುವ ಅಪಾಯವೂ ಇದೆ. ನಿಷ್ಠೆಯು ಗುಣವೇ ಹೊರತು ಅದೇ ಸೃಷ್ಟಿಯಲ್ಲ.

೪

ಇನ್ನು ಈಚಿನ ಮೂರನ್ನು ಒಟ್ಟಿಗೆ ನೋಡೋಣ. ಒಂದು ಕುತೂಹಲದ ಸಂಗತಿ: ೧೯೯೬ರ ಚಿತ್ರ, ೨೦೦೬ರ ಬಿ.ಬಿ.ಸಿ. ಧಾರಾವಾಹಿ, ೨೦೧೧ರ ಚಿತ್ರ ಮೂರಕ್ಕೂ ಡರ್ಬಿಷೈರಿನ ಹ್ಯಾಡನ್ ಹಾಲ್ ಎಂಬ ಒಂದೇ ಮಹಲು ಥಾರ್ನ್‌ಫೀಲ್ಡ್ ಆಗಿದೆ. ಕಲ್ಲುಗೋಡೆ ಅದೇ, ಒಳಗೆ ನಡೆಯುವ ಕಥೆ ಮಾತ್ರ ಬೇರೆ ಬೇರೆ.

ಫ್ರಾಂಕೊ ಜೆಫಿರೆಲ್ಲಿಯ ೧೯೯೬ರ ಚಿತ್ರದಲ್ಲಿ ಶಾರ್ಲಟ್ ಗೇನ್ಸ್‌ಬರ್ಗಳ ಜೇನ್ ಸರಿಯಾದ ಆಯ್ಕೆ. ಸಪೂರವಾದ ಮೈ, ಕಡಿಮೆ ಮಾತು, ಅಲುಗದ ನೋಟ. ಆದರೆ ಕಥೆಯ ಹೃದಯಸ್ಥಾನದಲ್ಲಿ ಚಿತ್ರಕಥೆ ಅವಸರಪಟ್ಟಿದೆ. ಜೇನ್ ಗಾಡಿಯೇರಿ ಹೊರಟ ಹೊತ್ತಿಗೇ ಮಹಲಿಗೆ ಬೆಂಕಿ ಬೀಳುತ್ತದೆ. ಅವಳ ಹಿಂದೆ ಕುದುರೆಯೇರಿ ಹೊರಟ ರಾಚೆಸ್ಟರ್ ಜ್ವಾಲೆಯನ್ನು ಕಂಡು ಹಿಂದಿರುಗುತ್ತಾನೆ. ಕಾದಂಬರಿಯಲ್ಲಿ ನಿರಾಕರಣೆಗೂ ಬೆಂಕಿಗೂ ನಡುವೆ ಕಾಲವಿದೆ. ಆ ಕಾಲದಲ್ಲಿ ಅವಳ ನಿರ್ಧಾರವು ಹಸಿವು, ಒಂಟಿತನ, ನೆನಪುಗಳಲ್ಲಿ ಬೆಂದು ಗಟ್ಟಿಯಾಗುತ್ತದೆ. ಬೆಂಕಿಯನ್ನು ಅದೇ ದಿನಕ್ಕೆ ತಂದುದರಿಂದ, ವಿಧಿ ಅಡ್ಡಿಯನ್ನು ಕೂಡಲೇ ನಿವಾರಿಸಿಬಿಟ್ಟಿತು. ಅವಳ ‘ಒಲ್ಲೆ’ ಎಂಬುದಕ್ಕೆ ಬೆಲೆ ತೆರುವ ಪ್ರಸಂಗವೇ ಇಲ್ಲವಾಯಿತು.

೨೦೦೬ರ ಧಾರಾವಾಹಿಯನ್ನು ನಿರ್ದೇಶಿಸಿದವಳು ಸುಸಾನಾ ವೈಟ್. ರೂತ್ ವಿಲ್ಸನ್, ಟೋಬಿ ಸ್ಟೀಫನ್ಸ್ ಇವರ ಅಭಿನಯದಲ್ಲಿ ನಗೆಯಿದೆ, ಸಲಿಗೆಯಿದೆ, ಮೈಯ ಬಿಸುಪಿದೆ. ನಿರಾಕರಣೆಯ ರಾತ್ರಿಯನ್ನು ಅಲ್ಲಿ ಜೇನಳ ನೆನಪಾಗಿ ತೋರಿಸಲಾಗಿದೆ. ಇಬ್ಬರೂ ಮಂಚದ ಮೇಲೆ ಅಪ್ಪುಗೆಯಲ್ಲಿರುವಾಗಲೇ ಅವನು ಬೇಡುತ್ತಾನೆ, ಅವಳು ಮಿಡುಕುತ್ತಾಳೆ. ಆಸೆಯು ಎಷ್ಟು ಬಲವಾದುದೆಂದು ತಿಳಿಸುವುದಕ್ಕೆ ಇದು ಸಾರ್ಥಕವಾದ ಉಪಾಯ. ಬ್ರಾಂಟೆಯೂ ಆಸೆಯನ್ನು ಅಲ್ಲಗಳೆದವಳಲ್ಲ. ಆದರೆ ಅವಳ ಜೇನ್ ಗೆಲ್ಲುವುದು ವಿಚಾರದಿಂದ. ಹಿಂದಿನ ಪ್ರೇಯಸಿಯರನ್ನು ಕುರಿತು ರಾಚೆಸ್ಟರ್ ಆಡುವ ತಾತ್ಸಾರದ ಮಾತನ್ನು ಅವಳು ಕಿವಿಗೊಟ್ಟು ಕೇಳುತ್ತಾಳೆ. ನಾಳೆ ತನ್ನನ್ನು ಕುರಿತೂ ಅವನು ಹೀಗೆಯೇ ನೆನೆಯುವನೆಂದು ಅರಿಯುತ್ತಾಳೆ. ತನಗಾಗಿ ಚಿಂತಿಸುವವರು ಯಾರೂ ಇಲ್ಲದಿರುವುದರಿಂದಲೇ ತನ್ನ ಮರ್ಯಾದೆಯನ್ನು ತಾನೇ ಕಾಯಬೇಕೆಂದು ನಿಶ್ಚಯಿಸುತ್ತಾಳೆ. ಆ ತರ್ಕಶುದ್ಧಿಯು ಅಪ್ಪುಗೆಯ ಬಿಸುಪಿನಲ್ಲಿ ಮಸುಕಾಗಿದೆ.

ಕ್ಯಾರಿ ಫುಕುನಾಗಾ ನಿರ್ದೇಶಿಸಿ, ಮೊಯಿರಾ ಬಫೀನಿ ಚಿತ್ರಕಥೆ ಬರೆದ ೨೦೧೧ರ ಚಿತ್ರವು ಒಂದು ಹೊಸ ಹೆಜ್ಜೆಯನ್ನಿಟ್ಟಿತು. ಅದು ಆರಂಭವಾಗುವುದೇ ಜೇನಳ ಪಲಾಯನದಿಂದ. ಬಟ್ಟಬಯಲಿನಲ್ಲಿ, ಮಳೆಯಲ್ಲಿ, ಕವಲುದಾರಿಯಲ್ಲಿ ಬಿಕ್ಕುತ್ತಾ ನಡೆಯುವ ಹೆಣ್ಣನ್ನು ನಾವು ಮೊದಲು ಕಾಣುತ್ತೇವೆ. ಅವಳು ಯಾರು, ಏತಕ್ಕೆ ಓಡುತ್ತಿದ್ದಾಳೆ ತಿಳಿಯದು. ಮೂರ್ ಹೌಸಿನ ಒಲೆಯ ಬೆಳಕಿನಲ್ಲಿ ಕುಳಿತ ಅವಳ ಸ್ಮರಣೆಯಾಗಿ ಗೇಟ್ಸ್‌ಹೆಡ್, ಲೋವುಡ್, ಥಾರ್ನ್‌ಫೀಲ್ಡ್ ಒಂದೊಂದೇ ತೆರೆದುಕೊಳ್ಳುತ್ತವೆ. ಇತರರು ಬಾಲವೆಂದು ಕತ್ತರಿಸಿದ ಭಾಗವೇ ಇಲ್ಲಿ ಇಡೀ ಕಥೆಯ ಚೌಕಟ್ಟಾಯಿತು. ‘ನಾನು’ ಎಂದು ಹೇಳುವ ಧ್ವನಿಯನ್ನು ಹಿನ್ನೆಲೆಯ ಮಾತಿನಿಂದಲ್ಲದೆ ಕಥಾರಚನೆಯಿಂದಲೇ ಉಳಿಸಿಕೊಂಡಂತಾಯಿತು. ಮಿಯಾ ವಾಸಿಕೋವ್ಸ್ಕಾ ಮಾತಿಗಿಂತ ಮೌನದಲ್ಲಿ ಹೆಚ್ಚನ್ನು ನುಡಿಯುತ್ತಾಳೆ. ಮೈಕಲ್ ಫಾಸ್‌ಬೆಂಡರನ ರಾಚೆಸ್ಟರ್ ಅವಳನ್ನು ಮುಳುಗಿಸುವುದಿಲ್ಲ. ಸೇಂಟ್ ಜಾನ್ ಇಲ್ಲಿ ಇದ್ದಾನೆ. ಎರಡನೆಯ ನಿರಾಕರಣೆಯೂ ಇದೆ. ಎರಡು ಗಂಟೆಗಳಲ್ಲಿ ಎರಡು ಕಂಬಗಳನ್ನೂ ನಿಲ್ಲಿಸಲು ಸಾಧ್ಯವೆಂಬುದಕ್ಕೆ ಈ ಚಿತ್ರವೇ ಸಾಕ್ಷಿ. ಕಾಲಮಿತಿಯ ನೆಪ ಇಲ್ಲಿಗೆ ಮುಗಿಯಿತು.

೫

ಆದರೆ ಜೇನಳ ಗೌರವವನ್ನು ಕುರಿತು ಇಷ್ಟು ಹೇಳಿದ ಮೇಲೆ ಮೇಲಂತಸ್ತಿನ ಇನ್ನೊಬ್ಬ ಹೆಣ್ಣನ್ನು ಮರೆತರೆ ಅನ್ಯಾಯವಾದೀತು. ಬರ್ತಾ ಮೇಸನ್ ಜಮೈಕಾ ದ್ವೀಪದವಳು. ಮೂವತ್ತು ಸಾವಿರ ಪೌಂಡುಗಳೊಡನೆ ಬಂದ ವಧು. ಕಾದಂಬರಿಯಲ್ಲಿ ಅವಳಿಗೆ ಮಾತಿಲ್ಲ. ನಗೆ, ಗುರುಗುಟ್ಟುವಿಕೆ, ಬೆಂಕಿ ಮಾತ್ರ. ೧೯೪೩ರ ಚಿತ್ರ ಅವಳ ಮುಖವನ್ನು ಕೂಡ ತೋರಿಸದೆ ನೆರಳಾಗಿಸಿತು. ಭಯಾನಕದ ದೃಷ್ಟಿಯಿಂದ ಅದು ಫಲಿಸಿದೆ. ಮನುಷ್ಯತ್ವದ ದೃಷ್ಟಿಯಿಂದ ಅದೊಂದು ತಪ್ಪಿಸಿಕೊಳ್ಳುವ ಉಪಾಯ. ೨೦೦೬ರ ಧಾರಾವಾಹಿ ಮಹಲಿನ ಕಿಟಕಿಯಲ್ಲಿ ಕೆಂಪು ವಸ್ತ್ರವೊಂದನ್ನು ಹಾರಾಡಿಸಿ ಅವಳ ಇರವನ್ನು ಆಗಾಗ ನೆನಪಿಸುತ್ತದೆ.

ಆಶ್ಚರ್ಯವೆಂದರೆ, ಅದೇ ೧೯೪೩ರಲ್ಲಿ ಅಗ್ಗದ ಭಯದ ಚಿತ್ರವೆಂಬ ಹೆಸರಿನಲ್ಲಿ ಬಂದ ಝಾಕ್ ಟೂರ್ನರನ ‘ಐ ವಾಕ್ಡ್ ವಿತ್ ಎ ಜಾಂಬಿ’ ಈ ಕಥೆಯ ಎಳೆಯನ್ನೇ ಹಿಡಿದು ಕೆರಿಬಿಯನ್ ದ್ವೀಪಕ್ಕೆ ಹೋಗಿದೆ. ಅಲ್ಲಿ ನಾಯಿಕೆ ದಾದಿ, ಯಜಮಾನ ಕಬ್ಬಿನ ತೋಟದ ಒಡೆಯ, ಹೆಂಡತಿ ಜೀವಚ್ಛವ. ಆ ಮನೆಯ ಅಂಗಳದಲ್ಲಿ ಗುಲಾಮರನ್ನು ಹೊತ್ತು ತಂದ ಹಡಗಿನ ಮುಂಗೊಂಬೆ ನಿಂತಿರುತ್ತದೆ. ಮಹಲಿನ ಐಶ್ವರ್ಯ ಎಲ್ಲಿಂದ ಬಂದುದೆಂದು ಬ್ರಾಂಟೆ ಕೇಳದ ಪ್ರಶ್ನೆಯನ್ನು ಈ ಚಿಕ್ಕ ಚಿತ್ರ ಕೇಳಿತು. ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ೧೯೬೬ರ ತನ್ನ ‘ವೈಡ್ ಸಾರ್ಗ್ಯಾಸೊ ಸೀ’ ಕಾದಂಬರಿಯಲ್ಲಿ ಬರ್ತಾಳಿಗೆ ಬೇರೊಂದು ಹೆಸರನ್ನೂ ಬಾಲ್ಯವನ್ನೂ ಮಾತನ್ನೂ ಕೊಟ್ಟ ಮೇಲಂತೂ, ಅವಳನ್ನು ಬರಿಯ ನೆರಳಾಗಿ ತೋರಿಸುವ ಹಕ್ಕು ಯಾವ ನಿರ್ದೇಶಕನಿಗೂ ಉಳಿಯಲಿಲ್ಲ.

೬

ಭಾರತೀಯರಾದ ನಮಗೆ ಈ ಕಾದಂಬರಿಯೊಡನೆ ಇನ್ನೊಂದು ನೇರವಾದ ಸಂಬಂಧವಿದೆ. ಸೇಂಟ್ ಜಾನ್ ಜೇನಳನ್ನು ಕರೆಯುವುದು ಹಿಂದೂಸ್ಥಾನಕ್ಕೆ. ಜರ್ಮನ್ ಕಲಿಯುವುದನ್ನು ಬಿಡಿಸಿ ಅವಳಿಗೆ ಹಿಂದೂಸ್ಥಾನಿ ಭಾಷೆಯ ಪಾಠ ಹೇಳಿಸುತ್ತಾನೆ. ಜೇನಳ ದೃಷ್ಟಿಯಲ್ಲಿ ಭಾರತವೆಂದರೆ ಬಿಸಿಲು, ಬಳಲಿಕೆ, ಅಕಾಲಮರಣ. ಅದು ಮನುಷ್ಯರು ಬಾಳುವ ದೇಶವಲ್ಲ, ಬಲಿದಾನದ ಇನ್ನೊಂದು ಹೆಸರು. ಕಾದಂಬರಿಯ ಕೊನೆಯ ಮಾತುಗಳು ಪ್ರಣಯಿಗಳವಲ್ಲ. ಭಾರತದಲ್ಲಿ ಸಾವನ್ನು ಎದುರುನೋಡುತ್ತಿರುವ ಸೇಂಟ್ ಜಾನನವು. ತಾನು ತಳ್ಳಿದವನ ನಿಷ್ಠೆಗೆ ಜೇನ್ ಕಡೆಯಲ್ಲಿ ಕೈಮುಗಿಯುತ್ತಾಳೆ. ಎರಡನೆಯ ನಿರಾಕರಣೆ ತಿರಸ್ಕಾರವಾಗಿರಲಿಲ್ಲವೆಂಬುದಕ್ಕೆ ಇದೇ ಪ್ರಮಾಣ. ಈ ಮುಕ್ತಾಯವನ್ನು ೨೦೧೧ರ ಚಿತ್ರವೂ ಕೈಬಿಟ್ಟು, ಮರದಡಿಯ ಪುನರ್ಮಿಲನದಲ್ಲಿ ನಿಂತುಬಿಟ್ಟಿತು.

ಜೇನ್ ಬಾರದ ಭಾರತಕ್ಕೆ ಅವಳ ಕಥೆ ಬಂದಿತು. ಮುಂಬಯಿಯಲ್ಲಿ ಆರ್. ಸಿ. ತಲ್ವಾರ್ ೧೯೫೨ರಲ್ಲಿ ‘ಸಂಗ್‌ದಿಲ್’ ಎಂಬ ಹಿಂದೀ ಚಿತ್ರವನ್ನು ತಯಾರಿಸಿದರು. ಅದರಲ್ಲಿ ದಿಲೀಪ್ ಕುಮಾರ್, ಮಧುಬಾಲಾ ನಟಿಸಿದರು. ಮದರಾಸಿನ ‘ಶಾಂತಿ ನಿಲಯಂ’ ಎಂಬ ತಮಿಳು ಚಿತ್ರ ೧೯೬೯ರದು. ಅದರಲ್ಲಿ ಜೆಮಿನಿ ಗಣೇಶನ್, ಕಾಂಚನಾ. ಎರಡನ್ನೂ ಆಯಾ ನಗರಗಳ ಕನ್ನಡಿಗರಲ್ಲಿ ಹಿರಿಯರು ಮರೆತಿರಲಾರರು.

ಇಲ್ಲಿ ರೂಪಾಂತರಕಾರರ ಮುಂದೆ ನಿಜವಾದೊಂದು ತೊಡಕಿತ್ತು. ಬ್ರಾಂಟೆಯ ಕಾಲದ ಇಂಗ್ಲೆಂಡಿನಲ್ಲಿ ಹುಚ್ಚು ಹಿಡಿದ ಹೆಂಡತಿಯಿಂದ ವಿಚ್ಛೇದನ ಪಡೆಯುವಂತಿರಲಿಲ್ಲ. ಗುಣವಾಗದ ಬುದ್ಧಿವಿಕಲ್ಪವು ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಶಾಸನ ಅಲ್ಲಿ ಬಂದದ್ದೇ ೧೯೩೭ರಲ್ಲಿ. ಅಂದಮೇಲೆ ಕಥೆಯ ಗಂಟನ್ನು ಬಿಗಿದದ್ದು ಕಾನೂನು. ನಮ್ಮಲ್ಲಾದರೋ ಹಿಂದೂ ಪುರುಷನು ಎರಡನೆಯ ಮದುವೆಯಾಗುವುದನ್ನು ಮುಂಬಯಿ ಪ್ರಾಂತದಲ್ಲಿ ೧೯೪೬ರ ಶಾಸನವೂ ಮದರಾಸಿನಲ್ಲಿ ೧೯೪೯ರ ಶಾಸನವೂ ತಡೆದಿದ್ದುವು. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಶಾಸನ ಬಂದದ್ದು ೧೯೫೫ರಲ್ಲಿ. ಎರಡನೆಯ ಹೆಂಡತಿ ಎಂಬುದು ಪ್ರೇಕ್ಷಕರ ಕಣ್ಣೆದುರಿನ ಮನೆಗಳಲ್ಲಿಯೇ ಇದ್ದ ಸಂಗತಿ. ಅಡ್ಡಿಯು ಕಾನೂನಿನದಲ್ಲವಾದರೆ, ಜೇನ್ ಯಾವ ಆಧಾರದ ಮೇಲೆ ‘ಒಲ್ಲೆ’ ಎನ್ನಬೇಕು? ಅವಳ ಆತ್ಮಗೌರವವೊಂದೇ ಆಗ ಆಧಾರ. ಒಂದು ದೃಷ್ಟಿಯಿಂದ ಭಾರತೀಯ ಜೇನಳಿಗೆ ಮೂಲದವಳಿಗಿಂತ ಹಿರಿಯ ಅವಕಾಶವಿತ್ತು.

‘ಸಂಗ್‌ದಿಲ್’ ಆ ಅವಕಾಶವನ್ನು ಬಳಸಿಕೊಳ್ಳಲಿಲ್ಲ. ಅದು ನಾಯಕ ನಾಯಿಕೆಯರನ್ನು ಬಾಲ್ಯದ ಒಡನಾಡಿಗಳನ್ನಾಗಿ ಮಾಡಿತು, ನಾಯಿಕೆಯನ್ನು ಪೂಜಾರಿಣಿಯಾಗಿಸಿತು. ಯಜಮಾನನಿಗೂ ಸಂಬಳದ ಶಿಕ್ಷಕಿಗೂ ನಡುವಣ ಅಂತರ ಹೀಗೆ ಕರಗಿತು. ಅವಳ ಸಂಯಮಕ್ಕೆ ಹೊರಗಿನ ವ್ರತವೊಂದು ನೆರವಾಯಿತು. ಮಧುಬಾಲೆಯ ಸೌಂದರ್ಯವು ಜೇನಳ ಸಾದಾತನವನ್ನು ಮರೆಸಿತು. ಸಜ್ಜಾದ್ ಹುಸೇನರ ಸಂಗೀತದಲ್ಲಿ ತಲತ್ ಮಹಮೂದರ ಕಂಠ ಇಂದಿಗೂ ಆ ಚಿತ್ರವನ್ನು ಉಳಿಸಿದೆ. ಆದರೆ ಅಲ್ಲಿ ಉಳಿದಿರುವುದು ವಿಪ್ರಲಂಭ ಶೃಂಗಾರ, ವೀರವಲ್ಲ. ‘ಶಾಂತಿ ನಿಲಯಂ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಹಲನ್ನು ಮಕ್ಕಳ ತುಂಟಾಟಗಳಿಂದಲೂ ಹಾಡುಗಳಿಂದಲೂ ತುಂಬಿತು. ಮಾರ್ಕಸ್ ಬಾರ್ಟ್ಲಿಯ ವರ್ಣಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಯೋಗ್ಯವೇ. ಆದರೆ ಆ ಬೆಳಕಿನಲ್ಲಿ ಜೇನ್ ಮನೆಯನ್ನು ತಿದ್ದಿ ಬೆಳಗುವ ಗೃಹಲಕ್ಷ್ಮಿಯಾದಳು. ಮನೆಯನ್ನು ಬಿಟ್ಟು ಹೊರಡಬಲ್ಲವಳಾಗಲಿಲ್ಲ.

೭

ಈ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಭಯಾನಕದ ಸಾಂದ್ರತೆಯಲ್ಲಿ ೧೯೪೩ರ ಚಿತ್ರ, ಮಾತಿನ ಸಮೃದ್ಧಿಯಲ್ಲಿ ೧೯೮೩ರ ಧಾರಾವಾಹಿ, ರಚನೆಯ ವಿವೇಕದಲ್ಲಿ ೨೦೧೧ರ ಚಿತ್ರ ಮೇಲಾದುವು. ಒಂದನ್ನೇ ಆರಿಸಬೇಕಾದರೆ ಕೊನೆಯದನ್ನು ಆರಿಸಬೇಕು.

ತೆರೆಗೆ ಮಹಲು ಬೇಕು, ಬೆಂಕಿ ಬೇಕು, ಕುದುರೆಯ ಮೇಲಿನ ಯಜಮಾನ ಬೇಕು. ಇವೆಲ್ಲ ಕಣ್ಣಿಗೆ ಕಾಣುವಂಥವು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಾ, ಬಂದ ಹಣವನ್ನು ನಾಲ್ಕು ಪಾಲು ಮಾಡುತ್ತಾ, ಸತ್ಪುರುಷನೊಬ್ಬನ ಒತ್ತಾಯಕ್ಕೂ ಮಣಿಯದೆ ನಿಲ್ಲುವ ಹೆಣ್ಣಿನಲ್ಲಿ ನೋಡುವುದಕ್ಕೆ ಏನಿದೆ ಎಂದು ನಿರ್ಮಾಪಕರು ಯೋಚಿಸಿರಬೇಕು. ಆದರೆ ಆ ಎಂಟು ಅಧ್ಯಾಯಗಳಿಲ್ಲದೆ ಕಾದಂಬರಿಯ ಕಡೆಯ ಮದುವೆಗೆ ಅರ್ಥವಿಲ್ಲ. ಕುರುಡನಾದ, ಒಂದು ಕೈಯನ್ನು ಕಳೆದುಕೊಂಡ ರಾಚೆಸ್ಟರನ ಬಳಿಗೆ ಅವಳು ಬರುವುದು ಕನಿಕರದಿಂದಲ್ಲ, ಗತಿಯಿಲ್ಲದೆಯೂ ಅಲ್ಲ. ಬಾರದೆ ಇರಲು ಶಕ್ತಳಾಗಿದ್ದೂ ಬಂದಳು ಎಂಬುದರಲ್ಲಿ ಆ ಬರವಿನ ಬೆಲೆಯಿದೆ. ಮುಂದೆ ಈ ಕಥೆಯನ್ನು ಯಾವ ಭಾಷೆಯವರು ತೆರೆಗೆ ತಂದರೂ, ಬೆಂಕಿಯ ದೃಶ್ಯಕ್ಕೆ ಮುನ್ನ ಈ ಮಾತನ್ನು ನೆನೆಯುವುದು ಒಳ್ಳೆಯದು.